ನೆರೆ ಬಂದ ಮೇಲಿನ ದುಡ್ಡು, ಬರುವ ಮೊದಲಿನ ದುಡ್ಡು: ಸಾನಮಾವು ಸೀಮೆಯವರು ತಿಳಿದಿರಬೇಕಾದ ಸರಕಾರಿ ಅನುದಾನಗಳು

2024ರ ಡಿಸೆಂಬರ್ ಮೊದಲ ವಾರದಲ್ಲಿ ಫೆಂಗಲ್ ಚಂಡಮಾರುತದ ಮಳೆ ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲಿ ಒಂದೇ ದಿನಕ್ಕೆ 50 ಸೆಂಟಿಮೀಟರ್ ಸುರಿಯಿತು. ಇಡೀ ವರ್ಷಕ್ಕೆ ಆ ಜಿಲ್ಲೆಯಲ್ಲಿ ಬೀಳುವ ಮಳೆಯ ಅರ್ಧಕ್ಕಿಂತ ಹೆಚ್ಚು ಅದು. ಕೆರೆ ತುಂಬಿ ಹರಿದ ನೀರು ರಸ್ತೆ ಬದಿ ನಿಲ್ಲಿಸಿದ್ದ ವ್ಯಾನು, ಕಾರುಗಳನ್ನು ತಳ್ಳಿಕೊಂಡು ಹೋದ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಾಡಿತ್ತು. ಡಿಸೆಂಬರ್ 6ರಂದು ಕೇಂದ್ರ ಸರಕಾರ ತಮಿಳುನಾಡಿಗೆ ರೂ. 944.80 ಕೋಟಿ ಬಿಡುಗಡೆ ಮಾಡಿತು.

ಇಂಥ ಸುದ್ದಿ ಬಂದಾಗಲೆಲ್ಲ ‘ನಮ್ಮೂರಿಗೆ ಎಷ್ಟು ಬಂತು’ ಅಂತ ಎಲ್ಲರೂ ಕೇಳುತ್ತಾರೆ. ನೀರು ನುಗ್ಗುವ ಮೊದಲೇ ಮೋರಿ ಅಗಲ ಮಾಡಲು, ಕೆರೆಯ ಕೋಡಿ ಸರಿಪಡಿಸಲು ದುಡ್ಡು ಇತ್ತಾ, ಅದನ್ನು ಯಾರಾದರೂ ಕೇಳಿದ್ದರಾ ಅಂತ ಕೇಳುವವರು ಕಡಿಮೆ. ಅದಕ್ಕೆಂದೇ ಬೇರೆ ನಿಧಿ ಇದೆ. ಹೊಸೂರು, ಸಾನಮಾವು, ರಾಯಕೋಟೆ ಕಡೆ ನೆಲೆಸಿರುವ ಸಮುದಾಯದವರಿಗೆ, ಮುಖ್ಯವಾಗಿ ಯುವಕರಿಗೆ, ಆ ನಿಧಿಗಳ ಪರಿಚಯ ಇಲ್ಲಿದೆ.

ಮೇಲಿನ ಊರಿನ ಮಳೆ, ಕೆಳಗಿನ ಊರಿನ ನೀರು

ಸಾನಮಾವು ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಆನೆ. ಹೊಸೂರು-ರಾಯಕೋಟೆ ರಸ್ತೆಯ ಬದಿಯ ಮೀಸಲು ಅರಣ್ಯ ಅದು. ಜವಳಗಿರಿ, ದೇಂಕಣಿಕೋಟೆ ಕಾಡಿನಿಂದ ಆನೆ ಹಿಂಡುಗಳು ಇಲ್ಲಿಗೆ ಬಂದು ತಂಗುತ್ತವೆ. ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಕೇಳಿಸುತ್ತವೆ.

ಈ ಸೀಮೆಯ ದೊಡ್ಡ ನದಿ ದಕ್ಷಿಣ ಪಿನಾಕಿನಿ. ತಮಿಳಿನಲ್ಲಿ ತೆನ್‌ಪೆಣ್ಣೈ. ಚಿಕ್ಕಬಳ್ಳಾಪುರದ ನಂದಿ ಬೆಟ್ಟದಲ್ಲಿ ಹುಟ್ಟಿ, ಹೊಸಕೋಟೆ ಕಡೆಯಿಂದ ಇಳಿದು, ಹೊಸೂರಿನ ಬಳಿ ಕೆಲವರಪಳ್ಳಿ ಅಣೆಕಟ್ಟಿಗೆ ಬರುತ್ತದೆ. ಅಲ್ಲಿಂದ ಕೃಷ್ಣಗಿರಿ ಅಣೆಕಟ್ಟು, ಆಮೇಲೆ ತಿರುವಣ್ಣಾಮಲೈ ಜಿಲ್ಲೆಯ ಸಾತನೂರು, ಕೊನೆಗೆ ಕಡಲೂರಿನಲ್ಲಿ ಸಮುದ್ರ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ನೀರು ಸೇರುವುದೂ ಇದೇ ನದಿಗೆ. ಹಾಗಾಗಿ ಬೆಂಗಳೂರಿನಲ್ಲಿ ಜೋರು ಮಳೆ ಬಂದರೆ ಕೆಲವರಪಳ್ಳಿಗೆ ಒಳಹರಿವು ಏರುತ್ತದೆ. ಫೆಂಗಲ್ ಮಳೆಯ ಹೊತ್ತಿಗೆ ಸಾತನೂರಿನಿಂದ 1.68 ಲಕ್ಷ ಕ್ಯೂಸೆಕ್ ನೀರು ಬಿಡಬೇಕಾಯಿತು.

ನದಿಯ ನೆರೆಗೆ ಅಣೆಕಟ್ಟು, ಎಚ್ಚರಿಕೆ ವ್ಯವಸ್ಥೆ ಅಂತ ಏನಾದರೂ ಇರುತ್ತದೆ. ಹಳ್ಳಿಗಳಲ್ಲಿ ನಷ್ಟ ಮಾಡುವುದು ಹೆಚ್ಚಾಗಿ ಸಣ್ಣ ನೀರು: ಹೂಳು ತುಂಬಿದ ಹಳ್ಳ, ಕಿರಿದಾದ ಮೋರಿ, ಒಡೆದ ಕೆರೆ ಏರಿ, ಅಂಗಡಿ ಮುಂದೆ ಚಪ್ಪಡಿ ಹಾಕಿ ಮುಚ್ಚಿದ ಚರಂಡಿ. ಇವೆಲ್ಲ ಕೆಲವು ಲಕ್ಷದಲ್ಲಿ ಮುಗಿಯುವ ಕೆಲಸ. ಆದರೆ ಇದಕ್ಕೆ ಕೇಳುವವರು ಬೇಕು.

ಪರಿಹಾರದ ಪಟ್ಟಿಯಲ್ಲಿ ಅಂಗಡಿ ಇಲ್ಲ

ನೆರೆ ಬಂದ ಮೇಲೆ ಸಿಗುವ ಹಣ ರಾಜ್ಯ ವಿಪತ್ತು ಸ್ಪಂದನಾ ನಿಧಿಯದ್ದು, ಅಂದರೆ ಎಸ್‌ಡಿಆರ್‌ಎಫ್. ಯಾವುದಕ್ಕೆ ಎಷ್ಟು ಅಂತ ಕೇಂದ್ರ ಗೃಹ ಸಚಿವಾಲಯ ದರಪಟ್ಟಿ ಮಾಡಿದೆ. 2022-26ರ ಪಟ್ಟಿಯ ಮುಖ್ಯ ದರಗಳು ಹೀಗಿವೆ:

- ಜೀವಹಾನಿಗೆ ರೂ. 4 ಲಕ್ಷ
- ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಪಕ್ಕಾ ಮನೆಗೆ ರೂ. 1.20 ಲಕ್ಷ
- ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ ರೂ. 8,500, ನೀರಾವರಿ ಬೆಳೆಗೆ ರೂ. 17,000, ಬಹುವಾರ್ಷಿಕ ಬೆಳೆಗೆ ರೂ. 22,500
- ಸತ್ತ ಹಸು ಅಥವಾ ಎಮ್ಮೆಗೆ ರೂ. 37,500

ಈ ಪಟ್ಟಿಯಲ್ಲಿ ದಿನಸಿ ಅಂಗಡಿಯ ಸ್ಟಾಕ್ ಇಲ್ಲ. ಬೇಕರಿಯ ಓವನ್ ಇಲ್ಲ, ಹೋಟೆಲಿನ ಫ್ರಿಜ್ ಇಲ್ಲ, ಜವಳಿ ಅಂಗಡಿಯಲ್ಲಿ ಒದ್ದೆಯಾದ ಬಟ್ಟೆ ಇಲ್ಲ. ಕೈಮಗ್ಗ, ಕರಕುಶಲದವರ ಉಪಕರಣಕ್ಕೆ ಸಣ್ಣ ಮೊತ್ತ ಇದೆ, ವ್ಯಾಪಾರಿಗೆ ಇಲ್ಲ. ವಿಮೆ ಮಾಡಿಸದ ವ್ಯಾಪಾರಿಗೆ ಒಂದು ರಾತ್ರಿಯ ನೀರು ಅಂದರೆ ಪೂರ್ತಿ ಸ್ವಂತ ನಷ್ಟ. ಊರು ಬಿಟ್ಟು ಬಂದು ಬಾಡಿಗೆ ಕಟ್ಟಡದಲ್ಲಿ ಅಂಗಡಿ ಇಟ್ಟ ಕರಾವಳಿಯವರ ಪಾಡೂ ಅದೇ. ಆದ್ದರಿಂದ ವ್ಯಾಪಾರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ನೀರು ಒಳಗೆ ಬರದಂತೆ ಮೊದಲೇ ಖರ್ಚಾಗುವ ದುಡ್ಡು.

ಉಪಶಮನ ನಿಧಿ: ನೂರರಲ್ಲಿ ಇಪ್ಪತ್ತು

2005ರ ವಿಪತ್ತು ನಿರ್ವಹಣಾ ಕಾಯ್ದೆ ಎರಡು ರೀತಿಯ ನಿಧಿ ಹೇಳುತ್ತದೆ. ಒಂದು ಸ್ಪಂದನೆಗೆ, ಇನ್ನೊಂದು ಉಪಶಮನಕ್ಕೆ, ಅಂದರೆ ಮುಂದೆ ಬರುವ ಹಾನಿ ತಗ್ಗಿಸಲು. ಎರಡನೆಯದು ಬಹಳ ವರ್ಷ ಹೆಸರಿಗೆ ಮಾತ್ರ ಇತ್ತು. 15ನೇ ಹಣಕಾಸು ಆಯೋಗ 2021-26ರ ಐದು ವರ್ಷಕ್ಕೆ ಲೆಕ್ಕ ಹಾಕಿ, ರಾಜ್ಯಗಳ ವಿಪತ್ತು ಹಣವಾದ ರೂ. 1,60,153 ಕೋಟಿಯಲ್ಲಿ ಶೇ. 20ನ್ನು, ಅಂದರೆ ಸುಮಾರು ರೂ. 32,031 ಕೋಟಿಯನ್ನು, ಉಪಶಮನಕ್ಕೆ ಬೇರೆಯಾಗಿ ಇಟ್ಟಿತು. ಇದೇ ರಾಜ್ಯ ವಿಪತ್ತು ಉಪಶಮನ ನಿಧಿ, ಎಸ್‌ಡಿಎಂಎಫ್. ತಮಿಳುನಾಡು, ಕರ್ನಾಟಕದಂಥ ರಾಜ್ಯಗಳಿಗೆ ಇದರಲ್ಲಿ ಕೇಂದ್ರದ ಪಾಲು ಶೇ. 75, ರಾಜ್ಯದ್ದು ಶೇ. 25. ಇದರ ಮಾರ್ಗಸೂಚಿ 2022ರ ಜನವರಿಯಲ್ಲಿ ಬಂತು.

ಒಂದು ಸಣ್ಣ ಲೆಕ್ಕ ಮಾಡಬಹುದು. 2024-25ಕ್ಕೆ ತಮಿಳುನಾಡಿಗೆ ಬಂದ ರೂ. 944.80 ಕೋಟಿ ಸ್ಪಂದನಾ ನಿಧಿಯ ಕೇಂದ್ರ ಪಾಲು, ಅಂದರೆ ಮುಕ್ಕಾಲು. ರಾಜ್ಯದ ಕಾಲು ಭಾಗ ಸೇರಿಸಿದರೆ ಸುಮಾರು ರೂ. 1,260 ಕೋಟಿ. ಇದು ಒಟ್ಟು ವಿಪತ್ತು ಹಣದ ನೂರರಲ್ಲಿ ಎಂಬತ್ತು. ಉಳಿದ ಇಪ್ಪತ್ತು, ಅದೇ ಸೂತ್ರದಲ್ಲಿ, ಸುಮಾರು ರೂ. 315 ಕೋಟಿ. 38 ಜಿಲ್ಲೆಗಳಿಗೆ ಇದು ದೊಡ್ಡ ಮೊತ್ತವೇನಲ್ಲ. ಕೇಳದೆ ಕೂತವರ ಮನೆ ಬಾಗಿಲಿಗೆ ಬರುವಷ್ಟಂತೂ ಅಲ್ಲ.

ಸಣ್ಣ ಊರುಗಳು ಗಮನಿಸಬೇಕಾದ ಮಾತೊಂದು ಆಯೋಗದ ವರದಿಯಲ್ಲೇ ಇದೆ. ದೊಡ್ಡ ತಡೆಗೋಡೆ, ನದಿ ಏರಿಯಂಥ ಭಾರೀ ಕಾಮಗಾರಿಗಳನ್ನು ಮಾಮೂಲಿ ಅಭಿವೃದ್ಧಿ ಯೋಜನೆಗಳಿಂದ ಮಾಡಿಕೊಳ್ಳಿ, ಈ ನಿಧಿಯನ್ನು ಸ್ಥಳೀಯ, ಸಮುದಾಯ ಮಟ್ಟದ ಕೆಲಸಗಳಿಗೆ ಬಳಸಿ ಎಂಬುದು ಅದರ ಸಾರ. ಅಂದರೆ ಹಳ್ಳದ ಹೂಳು, ಮೋರಿ, ಕೋಡಿಯಂಥ ಕೆಲಸದವರೇ ಈ ನಿಧಿಯ ಹಕ್ಕುದಾರರು.

ರಾಷ್ಟ್ರ ಮಟ್ಟದ ನಿಧಿಯಲ್ಲಿ 15ನೇ ಹಣಕಾಸು ಆಯೋಗ 2021-26ಕ್ಕೆ ನಗರ ಪ್ರವಾಹಕ್ಕೆಂದು ರೂ. 2,500 ಕೋಟಿ ಇಟ್ಟಿತು. ಅದು ಏಳು ದೊಡ್ಡ ನಗರಗಳಿಗೆ. ಮುಂಬೈ, ಕೋಲ್ಕತಾ, ಚೆನ್ನೈಗೆ ತಲಾ ರೂ. 500 ಕೋಟಿ, ಬೆಂಗಳೂರು, ಹೈದರಾಬಾದ್, ಅಹಮದಾಬಾದ್, ಪುಣೆಗೆ ತಲಾ ರೂ. 250 ಕೋಟಿ. 2019ರಲ್ಲಿ ಮಹಾನಗರ ಪಾಲಿಕೆಯಾದ ಹೊಸೂರು ಆ ಪಟ್ಟಿಯಲ್ಲಿಲ್ಲ. ಬೆಂಗಳೂರು ತನ್ನ ರಾಜಕಾಲುವೆ ಸರಿ ಮಾಡಿಕೊಂಡು ನೀರನ್ನು ಬೇಗ ಹರಿಯಬಿಟ್ಟರೆ ಅದು ಬರುವುದು ಕೆಳಗಿನ ಊರಿಗೆ. ಕೆಳಗಿನ ಊರು ತನ್ನ ದಾರಿಯನ್ನು ತಾನೇ ಹುಡುಕಬೇಕು.

ಯಾವ ಕೆಲಸಕ್ಕೆ ಯಾವ ಬಾಗಿಲು

*ಗ್ರಾಮ ಪಂಚಾಯತ್:* 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇ. 60 ಕುಡಿಯುವ ನೀರು, ನೈರ್ಮಲ್ಯಕ್ಕೆ ಕಟ್ಟುಬಿದ್ದದ್ದು. ಉಳಿದ ಶೇ. 40ನ್ನು ಊರಿಗೆ ಬೇಕಾದ ಕೆಲಸಕ್ಕೆ ಬಳಸಬಹುದು. ಸಂಬಳಕ್ಕೆ ಮಾತ್ರ ಬಳಸುವಂತಿಲ್ಲ. ಚರಂಡಿ, ಮೋರಿ ಕೆಲಸಕ್ಕೆ ಇದು ಮೊದಲ ಬಾಗಿಲು.

*ಉದ್ಯೋಗ ಖಾತರಿ:* ಹಳ್ಳ-ಕೆರೆಯ ಹೂಳು ತೆಗೆಯುವುದು, ಬದು, ತಡೆ ಅಣೆಗಳು 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಸಾಕಷ್ಟು ನಡೆದಿವೆ. ಅದರ ಜಾಗಕ್ಕೆ 2025ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ಕಾಯ್ದೆ ಪಾಸು ಮಾಡಿದೆ. ಹೊಸದರಲ್ಲಿ ಕೂಲಿ ಖರ್ಚಿನಲ್ಲೂ ರಾಜ್ಯದ ಪಾಲು ಹೆಚ್ಚು.

*ಕೆರೆಗಳು:* ತಮಿಳುನಾಡಿನಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯತ್ ಯೂನಿಯನ್‌ನದ್ದು, ದೊಡ್ಡದು ಜಲಸಂಪನ್ಮೂಲ ಇಲಾಖೆಯದ್ದು. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಅಲೆದಾಡುತ್ತಲೇ ಇರುತ್ತದೆ. ಮೊದಲು ಕೆರೆ ಯಾರದ್ದು ಅಂತ ಬಿಡಿಒ ಕಚೇರಿಯಲ್ಲಿ ಕೇಳಿಕೊಳ್ಳಬೇಕು.

*ನಮಕ್ಕು ನಾಮೇ:* ‘ನಮಗೆ ನಾವೇ’ ಎಂಬರ್ಥದ ಈ ತಮಿಳುನಾಡು ಯೋಜನೆ 1997ರಲ್ಲಿ ಶುರುವಾಗಿ, 2021ರ ನಂತರ ಮತ್ತೆ ಜೀವ ಪಡೆದಿದೆ. ಸಾಮಾನ್ಯವಾಗಿ ಅಂದಾಜು ವೆಚ್ಚದ ಮೂರನೇ ಒಂದು ಭಾಗ ಜನ ಹಾಕಿದರೆ ಉಳಿದದ್ದು ಸರಕಾರದ್ದು. ಮೂರು ಲಕ್ಷದ ಮೋರಿಗೆ ಊರಿನವರು ಒಂದು ಲಕ್ಷ ಕೂಡಿಸಿದರೆ ಸಾಕು.

*ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ:* ಮೇಲೆ ಹೇಳಿದ ಉಪಶಮನ ನಿಧಿಗೆ ಪ್ರಸ್ತಾವ ಹೋಗುವ ದಾರಿ ಇದು. ಕಲೆಕ್ಟರ್ ಅಧ್ಯಕ್ಷರು. ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ವಿಪತ್ತು ಯೋಜನೆ ಇರಲೇಬೇಕು. ಅದರಲ್ಲಿ ನೆರೆಗೆ ತುತ್ತಾಗುವ ಜಾಗ ಅಂತ ಊರಿನ ಹೆಸರು ಇದೆಯಾ ಎಂದು ನೋಡುವುದು ಮೊದಲ ಕೆಲಸ. ಹೆಸರೇ ಇಲ್ಲದಿದ್ದರೆ ಹಣ ಕೇಳುವುದು ಕಷ್ಟ.

ಗ್ರಾಮಸಭೆಯಲ್ಲಿ ಕೂರುವವರು ಯಾರು

ತಮಿಳುನಾಡಿನಲ್ಲಿ ವರ್ಷಕ್ಕೆ ಆರು ಗ್ರಾಮಸಭೆ: ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಮಾರ್ಚ್ 22 ವಿಶ್ವ ಜಲ ದಿನ. ನೀರಿನ ವಿಷಯ ಎತ್ತಲು ಅದಕ್ಕಿಂತ ಒಳ್ಳೆಯ ದಿನ ಬೇಕಿಲ್ಲ. ಕೃಷ್ಣಗಿರಿ ಸೇರಿದಂತೆ ಹಲವು ಜಿಲ್ಲೆಗಳ ಪಂಚಾಯತ್ ಅವಧಿ 2025ರ ಜನವರಿ 5ಕ್ಕೆ ಮುಗಿದು, ಆಡಳಿತ ವಿಶೇಷ ಅಧಿಕಾರಿಗಳ ಕೈಗೆ ಹೋಯಿತು. ಚುನಾಯಿತ ಅಧ್ಯಕ್ಷರಿಲ್ಲದಾಗ ಗ್ರಾಮಸಭೆಯ ಠರಾವಿಗೆ ಬೆಲೆ ಇನ್ನೂ ಹೆಚ್ಚು, ಯಾಕೆಂದರೆ ಊರಿನ ಪರ ಮಾತಾಡುವ ಕಾಗದ ಅದೊಂದೇ.

ಇಲ್ಲೊಂದು ತೊಡಕು ಇದೆ. ಗ್ರಾಮಸಭೆಯ ಸದಸ್ಯರು ಅಂದರೆ ಆ ಪಂಚಾಯತಿಯ ಮತದಾರರು. ಹೊಸೂರು ಕಡೆ ಹತ್ತು-ಹದಿನೈದು ವರ್ಷ ವ್ಯಾಪಾರ ಮಾಡಿದರೂ ಓಟು ಬಂಟ್ವಾಳದಲ್ಲೋ ಉಳ್ಳಾಲದಲ್ಲೋ ಇಟ್ಟುಕೊಂಡವರಿಗೆ ಅಲ್ಲಿ ಹಕ್ಕಿನ ಕುರ್ಚಿ ಇಲ್ಲ. ಅವರು ಕಟ್ಟಡದ ಮಾಲೀಕರು, ಅಕ್ಕಪಕ್ಕದ ರೈತರು, ಸ್ಥಳೀಯ ಜಮಾಅತ್‌ನವರ ಜತೆ ಸೇರಿಯೇ ವಿಷಯ ಎತ್ತಬೇಕು. ಆದರೆ ಕಲೆಕ್ಟರ್ ಕಚೇರಿಯಲ್ಲಿ ಸೋಮವಾರ ನಡೆಯುವ ಜನರ ಅಹವಾಲು ದಿನದಲ್ಲಿ ಅರ್ಜಿ ಕೊಡಲು, ಆರ್‌ಟಿಐ ಹಾಕಲು ಅಲ್ಲಿನ ಓಟು ಬೇಕಿಲ್ಲ. ಅರ್ಜಿ ತಮಿಳಿನಲ್ಲಿದ್ದರೆ ಕೆಲಸ ಸಲೀಸು.

ಅರ್ಜಿಗೆ ಬಲ ಕೊಡುವ ಕಾಗದಗಳು

‘ನಮ್ಮ ಊರಿಗೆ ನೀರು ನುಗ್ಗುತ್ತದೆ, ದಯವಿಟ್ಟು ಕ್ರಮ ಕೈಗೊಳ್ಳಿ’ ಅಂತ ಬರೆದ ಅರ್ಜಿಗೆ ಉತ್ತರವೂ ಅಷ್ಟೇ ಮೊಟಕಾಗಿ ಬರುತ್ತದೆ. ಜತೆಗೆ ಇಷ್ಟು ಇರಲಿ:

1. ಜಾಗದ ಸರ್ವೆ ನಂಬರ್ ಮತ್ತು ನಕ್ಷೆ. ಜಾಗ ಪುರಂಬೋಕು, ಖಾಸಗಿ, ಅರಣ್ಯ ಇವುಗಳಲ್ಲಿ ಯಾವುದು ಎಂಬ ವಿವರ ಗ್ರಾಮಾಡಳಿತ ಅಧಿಕಾರಿಯಲ್ಲಿ ಸಿಗುತ್ತದೆ.
2. ಯಾವ ದಿನ, ಎಷ್ಟು ಅಡಿ ನೀರು ಬಂತು ಎಂಬುದರ ಫೋಟೋ. ಗೋಡೆಯ ಮೇಲಿನ ನೀರಿನ ಗುರುತು ಅಳಿಸುವ ಮೊದಲೇ ಪಟ್ಟಿ ಹಿಡಿದು ಅಳೆಯಬೇಕು.
3. ನೀರು ನುಗ್ಗಿದ ಮನೆ, ಅಂಗಡಿ, ಹೊಲ, ಶಾಲೆಗಳ ಪಟ್ಟಿ. ಎಷ್ಟು ದಿನ ರಸ್ತೆ ಬಂದ್ ಆಗಿತ್ತು ಎಂಬುದೂ ಇರಲಿ.
4. ಎಂಜಿನಿಯರ್ ಮಾಡಿದ ಅಂದಾಜು ಪಟ್ಟಿ. ಯೂನಿಯನ್ ಎಂಜಿನಿಯರನ್ನು ಸ್ಥಳಕ್ಕೆ ಕರೆಸಿ ತೋರಿಸುವುದು ಎಲ್ಲಕ್ಕಿಂತ ಮುಖ್ಯ.
5. ಗ್ರಾಮಸಭೆಯ ಠರಾವಿನ ಪ್ರತಿ.
6. ಕೆಲಸ ಮುಗಿದ ಮೇಲೆ ವರ್ಷ ವರ್ಷ ಹೂಳು ತೆಗೆಯುವವರು ಯಾರು ಎಂಬ ಒಂದು ಸಾಲು.

ಕಾಡಂಚಿನಲ್ಲಿ ಇನ್ನೊಂದು ಎಚ್ಚರ ಬೇಕು. ಹಳ್ಳ ಮೀಸಲು ಅರಣ್ಯದೊಳಗೆ ಹಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಜೆಸಿಬಿ ಇಳಿಸುವಂತಿಲ್ಲ. ಆನೆ ಓಡಾಡುವ ದಾರಿಗೆ ಅಡ್ಡ ಗೋಡೆ ಕಟ್ಟಿದರೆ ನೀರಿನ ತೊಂದರೆ ಹೋಗಿ ಆನೆಯ ತೊಂದರೆ ಬರುತ್ತದೆ. ಅಂಥ ಕಡೆ ಅರಣ್ಯದವರನ್ನು ಮೊದಲ ದಿನದಿಂದಲೇ ಜತೆಗೆ ಕರೆದುಕೊಳ್ಳಬೇಕು.

ಒತ್ತುವರಿಯ ಮಾತನ್ನೂ ಮುಚ್ಚಿಡಬಾರದು. ಕೆರೆಗಳ ಒತ್ತುವರಿ ತೆರವಿಗೆ ತಮಿಳುನಾಡಿನಲ್ಲಿ 2007ರಿಂದ ಕಾಯ್ದೆ ಇದೆ. ಚರಂಡಿಯ ಮೇಲೆ ಅಂಗಡಿಯ ಮೆಟ್ಟಿಲು ಕಟ್ಟಿಕೊಂಡು, ಅದೇ ಚರಂಡಿ ಉಕ್ಕುತ್ತದೆ ಅಂತ ಅರ್ಜಿ ಕೊಟ್ಟರೆ ಸ್ಥಳ ನೋಡಲು ಬಂದ ಅಧಿಕಾರಿ ಮೊದಲು ತೋರಿಸುವುದು ಆ ಮೆಟ್ಟಿಲನ್ನೇ.

ಕಿಟ್ ಹಂಚುವ ಕೈಗಳಿಗೆ ಇನ್ನೊಂದು ಕೆಲಸ

ನೆರೆ ಬಂದಾಗ ಅಕ್ಕಿ, ಚಾದರ, ಔಷಧದ ಕಿಟ್ ಹಿಡಿದು ಮೊದಲು ಓಡುವವರಲ್ಲಿ ಸಮುದಾಯದ ಯುವಕರು ಯಾವತ್ತೂ ಹಿಂದೆ ಬಿದ್ದಿಲ್ಲ. ಮಸೀದಿಯ ಹಾಲ್ ತೆರೆದು ಜಾತಿ-ಮತ ನೋಡದೆ ಜನರನ್ನು ಉಳಿಸಿಕೊಂಡ ಉದಾಹರಣೆಗಳು ಕರಾವಳಿಯಲ್ಲಿ ಬೇಕಾದಷ್ಟಿವೆ. ಆ ಕೆಲಸ ನಿಲ್ಲಬಾರದು. ಆದರೆ ಅದೇ ಊರಿಗೆ, ಅದೇ ಬೀದಿಗೆ ಪ್ರತಿ ಮಳೆಗಾಲ ಕಿಟ್ ಹೊರುವುದಾದರೆ ಎಲ್ಲೋ ಲೆಕ್ಕ ತಪ್ಪಿದೆ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಬಿಲ್ಡಿಂಗ್ ಸೈನ್ಸಸ್ 2019ರಲ್ಲಿ ಕೊಟ್ಟ ಲೆಕ್ಕದಂತೆ, ಅಲ್ಲಿನ ಕೇಂದ್ರ ಸರಕಾರದ ಉಪಶಮನ ಅನುದಾನದ ಒಂದು ಡಾಲರ್ ಮುಂದಿನ ಆರು ಡಾಲರ್ ನಷ್ಟ ಉಳಿಸುತ್ತದೆ. ನಮ್ಮ ಕಡೆಯ ಅಂಕಿ ಬೇರೆ ಇರಬಹುದು, ವ್ಯವಹಾರದ ತರ್ಕ ಒಂದೇ.

ಕಿಟ್ ಹಂಚಲು ಮನೆ ಮನೆಯ ಪಟ್ಟಿ ಮಾಡುವ ಹುಡುಗರೇ ನೀರಿನ ಗುರುತನ್ನೂ ಅಳೆದು ಬರೆದಿಡಬಹುದು. ಬಿ.ಕಾಂ. ಓದಿದವರು ಅಂದಾಜು ಪಟ್ಟಿ ಓದಬಹುದು, ಸಿವಿಲ್ ಡಿಪ್ಲೊಮಾ ಮಾಡಿದವರು ಮೋರಿಯ ಅಳತೆ ನೋಡಬಹುದು, ತಮಿಳು ಬಲ್ಲವರು ಅರ್ಜಿ ಬರೆಯಬಹುದು. ಪರಿಹಾರಕ್ಕೆ ಕೂಡಿಸುವ ದುಡ್ಡಿನಲ್ಲಿ ಒಂದು ಪಾಲು ನಮಕ್ಕು ನಾಮೇಯಂಥ ಯೋಜನೆಯ ಜನರ ವಂತಿಗೆಗೆ ಹೋದರೆ, ಅದರ ಎರಡರಷ್ಟು ಸರಕಾರದಿಂದ ಬರುತ್ತದೆ. ಆ ಮೋರಿ ಊರಿನ ಎಲ್ಲರದ್ದೂ ಆಗಿರುತ್ತದೆ.

ಇದು ಸಾನಮಾವಿಗೆ ಮಾತ್ರ ಸೀಮಿತವಲ್ಲ. ನೇತ್ರಾವತಿ ಉಕ್ಕಿದಾಗ ಮುಳುಗುವ ಬಂಟ್ವಾಳ, ಪಾಣೆಮಂಗಳೂರಿನವರಿಗೂ ಕಾಯ್ದೆ ಅದೇ, ಶೇ. 20ರ ನಿಧಿಯೂ ಅದೇ. ಕಲೆಕ್ಟರ್ ಬದಲು ಜಿಲ್ಲಾಧಿಕಾರಿ ಅನ್ನಬೇಕು, ಅಷ್ಟೇ. ಮಳೆ ನಿಂತ ಮೇಲೆ, ಕೆಸರು ಒಣಗುವ ಮೊದಲು, ಗೋಡೆಯ ಗುರುತು ಇನ್ನೂ ಕಾಣುತ್ತಿರುವಾಗಲೇ ಅರ್ಜಿ ಬರೆಯಲು ಕೂರಬೇಕು.