ಮಳೆ ಅನ್ನೋ ಹೆಸರಿನ ದುಡ್ಡು

ಪೇಮೆಂಟ್ ಸಾಫ್ಟ್‌ವೇರ್ ಬರೆಯೋರಿಗೆ ದೇಶದೇಶಗಳ ದುಡ್ಡು ಅಂದ್ರೆ ಮೂರಕ್ಷರದ ಕೋಡ್ ಅಷ್ಟೆ. ನಮ್ಮದು ಐಎನ್‌ಆರ್. ಅದೇ ಪಟ್ಟಿಯಲ್ಲಿ ಬಿಡಬ್ಲ್ಯುಪಿ ಅಂತ ಒಂದಿದೆ: ಬೋಟ್ಸ್ವಾನದ ಪುಲ. ಅಲ್ಲಿನ ಸೆಟ್ಸ್ವಾನ ಭಾಷೆಯಲ್ಲಿ ಪುಲ ಅಂದರೆ ಮಳೆ.

ಪೌಂಡ್ ಅನ್ನೋದು ತೂಕದ ಹೆಸರು, ರೂಪಾಯಿಯ ಬೇರು ಬೆಳ್ಳಿಯಲ್ಲಿದೆ. ದುಡ್ಡಿಗೆ ಮಳೆ ಅಂತ ಯಾಕೆ ಹೆಸರಿಟ್ಟರು? ಬೋಟ್ಸ್ವಾನದ ಬಹುಭಾಗ ಕಲಹರಿ ಮರುಭೂಮಿ. ಜನ ದನ ನಂಬಿ ಬದುಕಿದವರು; ಮಳೆ ಬಂದರೆ ಹುಲ್ಲು, ಹುಲ್ಲಿದ್ದರೆ ದನ. ಹಾಗಾಗಿ ಪುಲ ಅಂದರೆ ಹಾರೈಕೆ ಕೂಡ. ಸಭೆಯಲ್ಲಿ ಭಾಷಣ ಮುಗಿದರೆ ಜನ "ಪುಲ!" ಅಂತ ಕೂಗ್ತಾರೆ. ಎದುರು ಸಿಕ್ಕವರನ್ನ ಮೊದಲು "ಮಳೆ ಬೆಳೆ ಹೆಂಗೈತೆ?" ಅಂತ ಕೇಳೋ ನಮ್ಮೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

1966ರ ಸೆಪ್ಟೆಂಬರ್ 30ರಂದು ಬ್ರಿಟಿಷರಿಂದ ಸ್ವಾತಂತ್ರ್ಯ ಬಂದಾಗ ಅಲ್ಲಿ ಭೀಕರ ಬರ. ರಾಷ್ಟ್ರಲಾಂಛನದಲ್ಲಿ ಬರೆದಿದ್ದು ಒಂದೇ ಪದ, ಪುಲ. ಬಾವುಟದ ತಿಳಿನೀಲಿಯೂ ನೀರಿನದ್ದೇ. ಆದರೆ ಜೇಬಿನಲ್ಲಿ ಮಾತ್ರ ದಕ್ಷಿಣ ಆಫ್ರಿಕಾದ ರ್ಯಾಂಡ್.

ಇದು ಸಣ್ಣ ಸಂಗತಿಯಲ್ಲ. ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಒಂದು ಬುಡಕಟ್ಟಿನ ಗದ್ದುಗೆಗೆ ಹಕ್ಕುದಾರರು. 1948ರಲ್ಲಿ ಲಂಡನ್ನಿನಲ್ಲಿ ರೂತ್ ವಿಲಿಯಮ್ಸ್ ಎಂಬ ಬಿಳಿಯ ಹೆಣ್ಣುಮಗಳನ್ನ ಮದುವೆಯಾದರು. ಪಕ್ಕದ ದಕ್ಷಿಣ ಆಫ್ರಿಕಾದ ವರ್ಣಭೇದಿ ಸರ್ಕಾರಕ್ಕೆ ಅದು ಸಹಿಸಲಿಲ್ಲ. ಅವರ ಮುನಿಸಿಗೆ ಹೆದರಿ ಬ್ರಿಟಿಷರು ಈ ಮನುಷ್ಯನನ್ನ ಸ್ವಂತ ನಾಡಿನಿಂದಲೇ ಹೊರಗಿಟ್ಟರು. ಗದ್ದುಗೆಯ ಹಕ್ಕು ಬಿಟ್ಟುಕೊಟ್ಟ ಮೇಲೇನೇ, 1956ರಲ್ಲಿ, ಊರಿಗೆ ಬರೋಕೆ ಬಿಟ್ಟಿದ್ದು. ಅಂಥವರು ಅಧ್ಯಕ್ಷರಾದ ಮೇಲೂ ಹತ್ತು ವರ್ಷ ಅದೇ ದಕ್ಷಿಣ ಆಫ್ರಿಕಾದ ನೋಟಿನಲ್ಲೇ ಸರ್ಕಾರ ನಡೆಸಬೇಕಾಯ್ತು. ರ್ಯಾಂಡ್ ಬೆಲೆ ಇಳಿಸೋ ತೀರ್ಮಾನ ಅಲ್ಲಿನವರದ್ದು, ಪೆಟ್ಟು ಇಲ್ಲಿನವರಿಗೂ. 1975ರಲ್ಲಿ ಹಾಗೇ ಆಯ್ತು.

ಅದೇ 1975ರಲ್ಲಿ ಬೋಟ್ಸ್ವಾನ ತನ್ನದೇ ಕೇಂದ್ರ ಬ್ಯಾಂಕ್ ಕಟ್ಟಿತು. 1976ರ ಆಗಸ್ಟ್ 23ರಂದು ಪುಲ ಬಂತು. ಒಂದು ರ್ಯಾಂಡ್ ಕೊಟ್ಟರೆ ಒಂದು ಪುಲ. ಮೊದಲ ನೋಟುಗಳ ಮೇಲೆ ಇದ್ದಿದ್ದು ಸೆರೆಟ್ಸೆ ಖಾಮಾ ಮುಖ. ರ್ಯಾಂಡ್ ಅನ್ನೋ ಹೆಸರು ಜೋಹಾನ್ಸ್‌ಬರ್ಗ್ ಹತ್ತಿರದ ವಿಟ್‌ವಾಟರ್ಸ್‌ರ್ಯಾಂಡ್ ದಿಣ್ಣೆಯದು. ಚಿನ್ನ ಸಿಗೋ ಜಾಗ. ಅಂದ್ರೆ ಜನ ಚಿನ್ನದ ದಿಣ್ಣೆ ಕೊಟ್ಟು ಮಳೆ ತಗೊಂಡರು!

ಇವರ ಹತ್ತಿರ ಹೊಳೆಯೋದು ಏನೂ ಇರಲಿಲ್ಲ ಅಂತಲ್ಲ. 1967ರಲ್ಲೇ ಒರಾಪಾದಲ್ಲಿ ವಜ್ರ ಸಿಕ್ಕಿತ್ತು, ಗಣಿಯೂ ಶುರುವಾಗಿತ್ತು. ಆದರೂ ದುಡ್ಡಿಗೆ ವಜ್ರದ ಹೆಸರು ಇಡಲಿಲ್ಲ. ಚಿಲ್ಲರೆಗೂ ಇಡಲಿಲ್ಲ. ಒಂದು ಪುಲಕ್ಕೆ 100 ತೆಬೆ. ತೆಬೆ ಅಂದ್ರೆ ಗುರಾಣಿ.