ಅತಿಸಂಗ್ರಹ ಕಾಯಿಲೆ: ಲಕ್ಷಣಗಳು, ದೈನಂದಿನ ಜೀವನದ ಮೇಲಿನ ಪರಿಣಾಮಗಳು ಮತ್ತು ದೊರೆಯುವ ಸೇವೆಗಳು

ಉಪಯೋಗವಿರಲಿ ಇಲ್ಲದಿರಲಿ, ಕೈಗೆ ಬಂದ ವಸ್ತುವನ್ನು ಬಿಸಾಡಲು, ಮಾರಲು ಅಥವಾ ಇತರರಿಗೆ ಕೊಡಲು ಆಗದೆ, ವಾಸದ ಕೋಣೆಗಳು ವಾಸಕ್ಕೆ ಬಾರದಂತೆ ತುಂಬಿಹೋಗುವ ಮಾನಸಿಕ ಸ್ಥಿತಿಯನ್ನು ಅತಿಸಂಗ್ರಹ ಕಾಯಿಲೆ ಎನ್ನಲಾಗುತ್ತದೆ. ವೈದ್ಯಕೀಯ ದಾಖಲೆಗಳಲ್ಲಿ ಇದರ ಹೆಸರು ಹೋರ್ಡಿಂಗ್ ಡಿಸಾರ್ಡರ್. ಅಗತ್ಯ ವಸ್ತುಗಳ ಅಧಿನಿಯಮ, 1955ರ ಸಂದರ್ಭದಲ್ಲಿ ಕೇಳಿಬರುವ ಅಕ್ರಮ ದಾಸ್ತಾನಿಗೂ ಇದಕ್ಕೂ ಸಂಬಂಧವಿರುವುದಿಲ್ಲ. ಲಾಭಕ್ಕಾಗಿ ಧಾನ್ಯವನ್ನು ಬಚ್ಚಿಡುವುದು ಅಪರಾಧ. ಇಲ್ಲಿ ವಿವರಿಸಿರುವುದು ಚಿಕಿತ್ಸೆ ಇರುವ ಒಂದು ಕಾಯಿಲೆ.

ಬಹುಕಾಲ ಇದನ್ನು ಗೀಳು ಕಾಯಿಲೆಯ ಒಂದು ಲಕ್ಷಣವೆಂದಷ್ಟೇ ಪರಿಗಣಿಸಲಾಗುತ್ತಿತ್ತು. ಅಮೆರಿಕದ ಮನೋವೈದ್ಯಕೀಯ ಸಂಘವು 2013ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಇದಕ್ಕೆ ಮೊದಲ ಬಾರಿಗೆ ಪ್ರತ್ಯೇಕ ಸ್ಥಾನ ದೊರೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆಯೂ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದ್ದು, ಈ ವರ್ಗೀಕರಣವು 2022ರ ಜನವರಿ 1ರಿಂದ ಜಾರಿಯಲ್ಲಿದೆ.

ಮಿತವ್ಯಯವೂ ಕಾಯಿಲೆಯೂ ಒಂದೇ ಅಲ್ಲ

ಹಾಲಿನ ಕವರು ತೊಳೆದು ಒಣಗಿಸಿಡುವುದು, ಹಳೆಯ ಸೀರೆಯಿಂದ ಕೌದಿ ಹೊಲಿಸುವುದು, ಖಾಲಿ ಡಬ್ಬಿಗಳನ್ನು ಅಟ್ಟದ ಮೇಲಿಡುವುದು ನಮ್ಮ ಮನೆಗಳ ಹಳೆಯ ರೂಢಿ. ಕೊರತೆಯ ಕಾಲವನ್ನು ಕಂಡ ಹಿರಿಯರಲ್ಲಿ ಇದು ಹೆಚ್ಚು. ಇದನ್ನು ಕಾಯಿಲೆಯೆಂದು ಹೆಸರಿಸುವುದು ತಪ್ಪು. ಅಂಚೆಚೀಟಿ, ನಾಣ್ಯ ಅಥವಾ ಪುಸ್ತಕ ಸಂಗ್ರಹಿಸುವವರೂ ಈ ವ್ಯಾಪ್ತಿಗೆ ಬರುವುದಿಲ್ಲ. ಅವರ ಸಂಗ್ರಹಕ್ಕೆ ಒಂದು ಕ್ರಮವಿರುತ್ತದೆ, ಬಂದವರಿಗೆ ಅದನ್ನು ತೋರಿಸುವ ಉತ್ಸಾಹವೂ ಇರುತ್ತದೆ. ಅತಿಸಂಗ್ರಹ ಕಾಯಿಲೆ ಇರುವವರು ಸಾಮಾನ್ಯವಾಗಿ ಬಂದವರನ್ನು ಬಾಗಿಲಲ್ಲೇ ಮಾತನಾಡಿಸಿ ಕಳುಹಿಸುತ್ತಾರೆ.

ವೈದ್ಯರು ಮುಖ್ಯವಾಗಿ ನೋಡುವುದು ವಸ್ತುಗಳ ಬೆಲೆಯನ್ನಾಗಲಿ ಸಂಖ್ಯೆಯನ್ನಾಗಲಿ ಅಲ್ಲ. ವಸ್ತುವನ್ನು ಬಿಡುವ ಪ್ರಸಂಗ ಬಂದಾಗ ವ್ಯಕ್ತಿಗೆ ತೀವ್ರ ಸಂಕಟವಾಗುತ್ತದೆಯೇ, ಅಡುಗೆಮನೆಯಲ್ಲಿ ಅಡುಗೆ ಮಾಡಲು, ಮಂಚದ ಮೇಲೆ ಮಲಗಲು ಸಾಧ್ಯವಿದೆಯೇ, ಸಾಧ್ಯವಿದ್ದರೆ ಅದು ಮನೆಯ ಇತರರು ತೆರವುಗೊಳಿಸುತ್ತಿರುವುದರಿಂದಲೇ ಎಂಬುದನ್ನು ವಿಚಾರಿಸಲಾಗುತ್ತದೆ. ಮಿದುಳಿಗೆ ಪೆಟ್ಟು, ಮರೆವಿನ ಕಾಯಿಲೆ, ಸ್ಕಿಜೋಫ್ರೇನಿಯಾ ಮುಂತಾದ ಕಾರಣಗಳಿಂದಲೂ ಇಂತಹ ವರ್ತನೆ ಕಂಡುಬರಬಹುದಾದ್ದರಿಂದ ಅವುಗಳನ್ನು ಮೊದಲು ಪರಿಶೀಲಿಸಲಾಗುತ್ತದೆ. ಹಿಂದೆಂದೂ ಇಲ್ಲದ ಈ ಸ್ವಭಾವವು ಮುಪ್ಪಿನಲ್ಲಿ ಹಠಾತ್ತನೆ ಕಾಣಿಸಿಕೊಂಡರೆ ತಡಮಾಡದೆ ತಪಾಸಣೆ ಮಾಡಿಸತಕ್ಕದ್ದು.

ಆರಂಭ ಮತ್ತು ಬೆಳವಣಿಗೆ

ಕಾಯಿಲೆಯ ಮೊದಲ ಚಿಹ್ನೆಗಳು ಬಹುಪಾಲು ಹನ್ನೊಂದರಿಂದ ಹದಿನೈದು ವರ್ಷದೊಳಗೆ ಕಾಣಿಸಿಕೊಳ್ಳುತ್ತವೆ. ಆಗ ತಾಯಿತಂದೆಯರು ಕೋಣೆಯನ್ನು ಚೊಕ್ಕಟ ಮಾಡುತ್ತಿರುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ವಯಸ್ಸಾದಂತೆ ತೀವ್ರತೆ ಹೆಚ್ಚುತ್ತಾ ಹೋಗುತ್ತದೆ. ಹೆಚ್ಚಿನವರು ವೈದ್ಯರ ಬಳಿ ಬರುವ ವೇಳೆಗೆ ಐವತ್ತು ದಾಟಿರುತ್ತದೆ. ಸಂಗಾತಿಯ ಮರಣ, ನಿವೃತ್ತಿ, ಮಕ್ಕಳು ದೂರದ ಊರಿಗೆ ಹೋಗುವುದು ಇವು ಕಾಯಿಲೆಯನ್ನು ಬಿಗಡಾಯಿಸುವ ಸಂದರ್ಭಗಳು. ರಕ್ತಸಂಬಂಧಿಗಳಲ್ಲಿ ಇದೇ ಸ್ವಭಾವ ಇರುವುದು ಸಾಮಾನ್ಯ. ಖಿನ್ನತೆ ಮತ್ತು ಆತಂಕದ ಕಾಯಿಲೆಗಳು ಅನೇಕರಲ್ಲಿ ಜೊತೆಗೂಡಿರುತ್ತವೆ.

ಇಂತಹವರನ್ನು ಸೋಮಾರಿಗಳೆಂದು ಭಾವಿಸುವುದು ವಾಡಿಕೆ. ವಸ್ತುಸ್ಥಿತಿ ಬೇರೆ. ಒಂದು ಹಳೆಯ ರಸೀದಿಯನ್ನು ಕೈಯಲ್ಲಿ ಹಿಡಿದು, ಇಡಬೇಕೋ ಬಿಡಬೇಕೋ ಎಂದು ಗಂಟೆಗಟ್ಟಲೆ ತೊಳಲಾಡಿ, ಕೊನೆಗೆ ಅದನ್ನು ಮತ್ತೊಂದು ರಾಶಿಗೆ ಸೇರಿಸುವುದು ಈ ಕಾಯಿಲೆಯ ಸ್ವರೂಪ. ಮುಂದೆಂದಾದರೂ ಬೇಕಾದೀತು ಎಂಬುದು ಒಂದು ಕಾರಣ. ಇದನ್ನು ಬಿಟ್ಟರೆ ತೀರಿಕೊಂಡವರ ನೆನಪೇ ಹೋದೀತು ಎಂಬುದು ಇನ್ನೊಂದು.

ದೈನಂದಿನ ಜೀವನದ ಮೇಲೆ ಪರಿಣಾಮ

ಮೊದಲು ಅಟ್ಟ, ನಂತರ ಕೋಣೆಯ ಮೂಲೆಗಳು, ಆಮೇಲೆ ಮಂಚ ಮತ್ತು ಊಟದ ಮೇಜು ತುಂಬುತ್ತವೆ. ನಡೆಯಲು ಒಂದು ಕಿರುದಾರಿ ಮಾತ್ರ ಉಳಿಯುತ್ತದೆ. ಬಚ್ಚಲುಮನೆಯೂ ತುಂಬಿದಾಗ ಸ್ನಾನ ತಪ್ಪುತ್ತದೆ. ನಲ್ಲಿ ಸೋರಿದರೂ ರಿಪೇರಿಯವರನ್ನು ಒಳಗೆ ಕರೆಯಲು ನಾಚಿಕೆ. ಗ್ಯಾಸ್ ಸಿಲಿಂಡರ್ ತಂದವರನ್ನು ಹೊರಗೇ ನಿಲ್ಲಿಸಲಾಗುತ್ತದೆ. ಹಬ್ಬಕ್ಕೆ ನೆಂಟರು ಬರುವುದು ನಿಲ್ಲುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಅವರು ಗೆಳೆಯರನ್ನು ಕರೆತರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಧೂಳು, ಇಲಿ, ಜಿರಳೆಗಳಿಂದ ಉಸಿರಾಟದ ತೊಂದರೆಗಳು ಉಂಟಾಗುತ್ತವೆ. ವಯಸ್ಸಾದವರು ಎಡವಿ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯವಿದ್ದು, ಬಿದ್ದವರನ್ನು ಸ್ಟ್ರೆಚರಿನಲ್ಲಿ ಹೊರತರುವುದಕ್ಕೂ ಜಾಗವಿರುವುದಿಲ್ಲ.

ಸರ್ಕಾರಿ ಸೇವೆಗಳಿಗೆ ಅರ್ಜಿ ಸಲ್ಲಿಸುವವರಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಯಾವ ಕಾಗದವನ್ನೂ ಬಿಸಾಡದ ಮನೆಯಲ್ಲೇ ಬೇಕಾದ ಕಾಗದ ಸಿಗುವುದಿಲ್ಲ. ಪಡಿತರ ಚೀಟಿ, ಪಿಂಚಣಿ ಆದೇಶ, ಜನನ ಪ್ರಮಾಣಪತ್ರಗಳು ಹತ್ತು ವರ್ಷದ ದಿನಪತ್ರಿಕೆಗಳ ಅಡಿಯಲ್ಲಿರುತ್ತವೆ. ಇಂತಹ ಸಂದರ್ಭದಲ್ಲಿ ರಾಶಿಯನ್ನು ಕೆದಕುತ್ತಾ ಅರ್ಜಿಯ ಕೊನೆಯ ದಿನಾಂಕವನ್ನು ಕಳೆದುಕೊಳ್ಳುವುದಕ್ಕಿಂತ, ದಾಖಲೆ ನೀಡಿದ ಕಚೇರಿಯಿಂದಲೇ ದೃಢೀಕೃತ ನಕಲನ್ನು ಪಡೆಯುವುದು ಸೂಕ್ತ. ಪಡೆದ ನಂತರ ಅದನ್ನು ನಂಬಿಕಸ್ಥ ಬಂಧುವಿನ ಬಳಿ ಇಡಬಹುದು.

ಬೆಂಕಿಯ ಅಪಾಯವು ಎಲ್ಲಕ್ಕಿಂತ ಗಂಭೀರವಾದುದು. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ 1999ರಿಂದ 2009ರವರೆಗಿನ ಅಗ್ನಿಶಾಮಕ ದಾಖಲೆಗಳನ್ನು ಪರಿಶೀಲಿಸಿದಾಗ, ವಾಸದ ಮನೆಗಳ ಬೆಂಕಿ ಪ್ರಕರಣಗಳಲ್ಲಿ ಅತಿಸಂಗ್ರಹದ ಮನೆಗಳ ಪಾಲು ಶೇಕಡಾ 0.25 ಮಾತ್ರವಿದ್ದರೂ, ತಡೆಯಬಹುದಾಗಿದ್ದ ಅಗ್ನಿ ಸಾವುಗಳಲ್ಲಿ ಅವುಗಳ ಪಾಲು ಶೇಕಡಾ 24ರಷ್ಟಿತ್ತು. ನ್ಯೂಯಾರ್ಕ್ ನಗರದ ಕಾಲಿಯರ್ ಸಹೋದರರ ಪ್ರಕರಣವು ಬೆಂಕಿಯಿಲ್ಲದೆಯೂ ರಾಶಿಯು ಪ್ರಾಣ ತೆಗೆಯಬಲ್ಲದೆಂಬುದಕ್ಕೆ ಹಳೆಯ ನಿದರ್ಶನ. ಅಣ್ಣ ಹೋಮರ್ ದೃಷ್ಟಿ ಕಳೆದುಕೊಂಡಿದ್ದನು. ದೃಷ್ಟಿ ಮರಳಿದಾಗ ಅಣ್ಣ ಓದಲೆಂದು ತಮ್ಮ ಲ್ಯಾಂಗ್ಲಿ ವರ್ಷಾನುಗಟ್ಟಲೆ ದಿನಪತ್ರಿಕೆಗಳನ್ನು ಕೂಡಿಟ್ಟನು. 1947ರಲ್ಲಿ ಲ್ಯಾಂಗ್ಲಿ ಆ ರಾಶಿಯ ಅಡಿಯಲ್ಲೇ ಸಿಕ್ಕಿ ಸತ್ತನು. ಊಟ ಕೊಡುವವರಿಲ್ಲದೆ ಹೋಮರನೂ ತೀರಿಕೊಂಡನು. ಆ ಮನೆಯಿಂದ ನೂರು ಟನ್ನಿಗೂ ಹೆಚ್ಚು ಸಾಮಾನು ಹೊರತೆಗೆಯಲಾಯಿತು.

ಕುಟುಂಬದವರ ಗಮನಕ್ಕೆ

ಮನೆಯವರು ಊರಿಗೆ ಹೋದಾಗ ಗುಜರಿಯವರನ್ನು ಕರೆಸಿ ಎಲ್ಲವನ್ನೂ ತೂಕಕ್ಕೆ ಹಾಕುವುದು ಬಹಳ ಮನೆಗಳಲ್ಲಿ ನಡೆಯುತ್ತದೆ. ಉದ್ದೇಶ ಒಳ್ಳೆಯದಿರಬಹುದು, ಫಲ ಮಾತ್ರ ಕೆಟ್ಟದ್ದು. ವ್ಯಕ್ತಿಗೆ ತೀವ್ರ ಆಘಾತವಾಗುತ್ತದೆ, ಮನೆಯವರ ಮೇಲಿನ ನಂಬಿಕೆ ಹೋಗುತ್ತದೆ, ಮನೆ ಮತ್ತೆ ತುಂಬುತ್ತದೆ. ಇದರ ಬದಲು ಮೊದಲು ಸುರಕ್ಷತೆಯ ಬಗ್ಗೆ ಒಪ್ಪಂದಕ್ಕೆ ಬರುವುದು ಉತ್ತಮ: ಒಲೆಯ ಸುತ್ತ, ಸ್ವಿಚ್ ಬೋರ್ಡಿನ ಬಳಿ ಮತ್ತು ಹೊರಬಾಗಿಲಿಗೆ ಹೋಗುವ ದಾರಿಯಲ್ಲಿ ಏನೂ ಇರಕೂಡದು. ಉಳಿದದ್ದನ್ನು ನಿಧಾನವಾಗಿ ನೋಡಬಹುದು. ಕಸ, ಕೊಳಕು ಎಂಬ ಮಾತುಗಳನ್ನು ಬಿಟ್ಟು, ಆ ವ್ಯಕ್ತಿಯು ಬಳಸುವ ಪದವನ್ನೇ ಬಳಸುವುದು ಮಾತುಕತೆ ಮುಂದುವರಿಯಲು ಸಹಾಯಕ.

ಚಿಕಿತ್ಸೆ

ಅರಿವು ಮತ್ತು ವರ್ತನೆಯನ್ನು ತಿದ್ದುವ ಮನೋಚಿಕಿತ್ಸೆಯು ಸದ್ಯದಲ್ಲಿ ಹೆಚ್ಚು ಆಧಾರವಿರುವ ಕ್ರಮ. ವಿಂಗಡಿಸುವುದು, ನಿರ್ಧಾರ ತೆಗೆದುಕೊಳ್ಳುವುದು, ಹೊಸದನ್ನು ತರುವ ಆಸೆಯನ್ನು ತಡೆಯುವುದು ಇವುಗಳನ್ನು ಹಂತಹಂತವಾಗಿ ಅಭ್ಯಾಸ ಮಾಡಿಸಲಾಗುತ್ತದೆ. ತಿಂಗಳುಗಳೇ ಬೇಕಾಗುತ್ತವೆ. ಹಲವರಲ್ಲಿ ಗಮನಾರ್ಹ ಸುಧಾರಣೆ ಕಂಡುಬಂದರೂ ಮನೆ ಪೂರ್ಣವಾಗಿ ಖಾಲಿಯಾಗುವುದನ್ನು ನಿರೀಕ್ಷಿಸಬಾರದು. ಈ ಕಾಯಿಲೆಗೆಂದೇ ಮೀಸಲಾದ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆ ಅಥವಾ ಆತಂಕಕ್ಕೆ ವೈದ್ಯರು ಔಷಧ ನೀಡಬಹುದು.

ಸೇವೆ ಪಡೆಯುವ ವಿಧಾನ

ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿ ಮನೋವೈದ್ಯರನ್ನು ಕಾಣಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ವ್ಯಕ್ತಿಯು ಆಸ್ಪತ್ರೆಗೆ ಬರಲು ಒಪ್ಪದಿದ್ದಲ್ಲಿ ಕುಟುಂಬದವರೇ ಮೊದಲು ಕರೆ ಮಾಡಿ ಸಲಹೆ ಪಡೆಯಲು ಅಡ್ಡಿಯಿಲ್ಲ.

ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮ, 2017ರ 18ನೇ ಪ್ರಕರಣದ ಮೇರೆಗೆ ಸರ್ಕಾರಿ ಮಾನಸಿಕ ಆರೋಗ್ಯ ಸೇವೆಯನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕು. 23ನೇ ಪ್ರಕರಣವು ರೋಗಿಯ ಮಾಹಿತಿಯ ಗೋಪ್ಯತೆಗೆ ರಕ್ಷಣೆ ನೀಡುತ್ತದೆ. ಮನೆಯಲ್ಲಿ ಸಾಮಾನು ತುಂಬಿದೆಯೆಂಬ ನೆರೆಹೊರೆಯವರ ದೂರಿನ ಮೇಲಷ್ಟೇ ಯಾರನ್ನೂ ಬಲವಂತವಾಗಿ ದಾಖಲಿಸಲು ಬರುವುದಿಲ್ಲ. 89ನೇ ಪ್ರಕರಣದಲ್ಲಿ ಹೇಳಿರುವ ತೀವ್ರತೆ ಮತ್ತು ಅಪಾಯದ ಷರತ್ತುಗಳು ಪೂರೈಸಿರಬೇಕು ಹಾಗೂ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿರಬೇಕು.

ಮೊದಲ ಭೇಟಿಗೆ ಬರುವಾಗ ಈಗ ಸೇವಿಸುತ್ತಿರುವ ಔಷಧಗಳ ಚೀಟಿ ಮತ್ತು ಸಾಧ್ಯವಾದಲ್ಲಿ, ವ್ಯಕ್ತಿಯ ಒಪ್ಪಿಗೆ ಪಡೆದು ತೆಗೆದ, ಅಡುಗೆಮನೆ ಹಾಗೂ ಮಲಗುವ ಕೋಣೆಯ ಛಾಯಾಚಿತ್ರಗಳನ್ನು ತರುವುದು ಅನುಕೂಲ. ಸ್ಥಿತಿಯನ್ನು ಬಾಯಿಮಾತಿನಲ್ಲಿ ವಿವರಿಸಲು ಬಹುತೇಕರು ಸಂಕೋಚಪಡುತ್ತಾರೆ. ಚಿತ್ರವಿದ್ದರೆ ವೈದ್ಯರು ಕೇಳಬೇಕಾದ ಪ್ರಶ್ನೆಗಳು ಕಡಿಮೆಯಾಗುತ್ತವೆ.