ಕಿಲೋಮೀಟರ್ ಅಳೆಯದ ಸವೆತ: ಟೈಮಿಂಗ್ ಬೆಲ್ಟಿನ ಬಾಳಿಕೆ ಕುರಿತು

ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2005ರಿಂದೀಚೆಗೆ ಹೊರಬಂದ ಹಳೆಯ ಮಾದರಿಯ ಡೀಸೆಲ್ ಇನ್ನೋವಾಗಳ ಡ್ಯಾಶ್‌ಬೋರ್ಡಿನಲ್ಲಿ ‘ಟಿ-ಬೆಲ್ಟ್’ ಎಂಬ ಪುಟ್ಟ ದೀಪವಿದೆ. ನಿಗದಿತ ದೂರ ಓಡಿದ ಮೇಲೆ ಅದು ಹೊತ್ತಿಕೊಳ್ಳುತ್ತದೆ, ಗಾಡಿ ಗ್ಯಾರೇಜಿಗೆ ಬರುತ್ತದೆ, ಬೆಲ್ಟ್ ಬದಲಾಗುತ್ತದೆ. ಬೆಲ್ಟ್ ಸವೆದಿದೆಯೆಂದು ದೀಪಕ್ಕೆ ತಿಳಿದದ್ದು ಹೇಗೆ? ತಿಳಿದಿರುವುದೇ ಇಲ್ಲ. ಬೆಲ್ಟಿಗೂ ಅದಕ್ಕೂ ಯಾವ ಸಂಪರ್ಕವೂ ಇಲ್ಲ, ಓಡಿದ ದೂರವೊಂದೇ ಅದರ ಆಧಾರ. ಬೆಲ್ಟನ್ನು ಮುಟ್ಟದೆ ದೀಪವನ್ನಷ್ಟೇ ಆರಿಸಿಬಿಡಬಹುದು. ಟೈಮಿಂಗ್ ಬೆಲ್ಟಿನ ಆಯಸ್ಸಿನ ಬಗೆಗಿನ ನಮ್ಮ ತಿಳಿವಳಿಕೆಯೂ ಬಹುಪಾಲು ಹೀಗೆಯೇ ಒಂದು ಅಂಕಿಗೆ ಜೋತುಬಿದ್ದಿದೆ. ಆ ಅಂಕಿ ಯಾವ ಸವೆತವನ್ನು ಅಳೆಯುತ್ತದೆ, ಯಾವುದನ್ನು ಬಿಟ್ಟುಬಿಡುತ್ತದೆ ಎಂಬುದು ಇಲ್ಲಿನ ಪ್ರಶ್ನೆ.

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಹಾಕುವಷ್ಟರಲ್ಲಿ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಒಂದೇ ಸುತ್ತು ಹಾಕಬೇಕು. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಪ್ರತಿ ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಎರಡು ಶಾಫ್ಟುಗಳ ನಡುವೆ ಈ ತಾಳ ಕಾಯುವ ಕೆಲಸ ಮೊದಲು ಗೇರು, ಚೈನುಗಳದ್ದು; ಅಂಬಾಸಿಡರ್, ಪದ್ಮಿನಿಗಳಲ್ಲಿದ್ದದ್ದು ಚೈನೇ. ಹಲ್ಲಿನ ಬೆಲ್ಟ್ 1940ರ ದಶಕದಲ್ಲಿ ಅಮೆರಿಕದ ಗಿಲ್ಮರ್ ಕಂಪನಿಯಲ್ಲಿ, ಕಾರಿಗಾಗಿ ಅಲ್ಲ, ಹೊಲಿಗೆ ಯಂತ್ರಕ್ಕಾಗಿ ರೂಪುಗೊಂಡದ್ದು. ಬವೇರಿಯಾದ ಗ್ಲಾಸ್ ಕಂಪನಿ 1962ರಲ್ಲಿ ತನ್ನ 1004 ಮಾದರಿಯೊಂದಿಗೆ ಅದನ್ನು ಮಾರುಕಟ್ಟೆಯ ಕಾರಿಗೆ ತಂದಿತು. 1966ರಲ್ಲಿ ಫಿಯೆಟ್ 124 ಸ್ಪೋರ್ಟ್‌ಗೆ ಆರೇಲಿಯೊ ಲ್ಯಾಂಪ್ರೆಡಿ ವಿನ್ಯಾಸಗೊಳಿಸಿದ ಅವಳಿ ಕ್ಯಾಮ್ ಎಂಜಿನ್ ಅದಕ್ಕೆ ಮರ್ಯಾದೆ ದೊರಕಿಸಿತು. ಭಾರತದ ಮಧ್ಯಮವರ್ಗಕ್ಕೆ ಬೆಲ್ಟಿನ ಪರಿಚಯವಾದದ್ದು 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರಿಂದ.

ಬೆಲ್ಟಿನ ಬಲ ರಬ್ಬರಿನಲ್ಲಿಲ್ಲ, ಒಳಗೆ ಉದ್ದಕ್ಕೂ ಹಾಯ್ದಿರುವ ಗಾಜಿನ ನಾರಿನ ಹುರಿಗಳಲ್ಲಿದೆ. ಎಳೆತವನ್ನು ಹೊರುವುದು ಹುರಿ, ಹಲ್ಲಿಗೆ ಆಕಾರ ಕೊಡುವುದು ರಬ್ಬರು, ಹಲ್ಲಿನ ಮೈಯನ್ನು ಉಜ್ಜಾಟದಿಂದ ಕಾಯುವುದು ನೈಲಾನ್ ಬಟ್ಟೆ. ಹುರಿಗಳು ಪುಲ್ಲಿಯಿಂದ ಪುಲ್ಲಿಗೆ ಬಾಗಿ, ನೆಟ್ಟಗಾಗಿ, ಮತ್ತೆ ಬಾಗಿ ದಣಿಯುತ್ತವೆ. ಇದು ಸುತ್ತುಗಳ ಲೆಕ್ಕವಾದ್ದರಿಂದ ಕಿಲೋಮೀಟರ್ ಇದನ್ನು ಒಂದು ಮಟ್ಟಿಗೆ ಹಿಡಿದುಕೊಡುತ್ತದೆ. ಒಂದು ಮಟ್ಟಿಗೆ ಮಾತ್ರ: ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಬಿದ್ದ ಟ್ಯಾಕ್ಸಿಯ ಎಂಜಿನ್ ತಿರುಗುತ್ತಲೇ ಇರುತ್ತದೆ, ಓಡೋಮೀಟರ್ ಅಲುಗುವುದಿಲ್ಲ. ರಬ್ಬರಿನ ಕತೆಯೇ ಬೇರೆ. ಶಾಖಕ್ಕೂ ಗಾಳಿಯ ಓಜೋನಿಗೂ ಅದು ಗಡುಸಾಗಿ ಹಲ್ಲಿನ ಬುಡದಲ್ಲಿ ಬಿರುಕು ಬಿಡುತ್ತದೆ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿಗೂ ಇದು ತಪ್ಪಿದ್ದಲ್ಲ. ತಯಾರಕರು ಕಿಲೋಮೀಟರಿನ ಜೊತೆಗೆ ವರ್ಷಗಳ ಮಿತಿಯನ್ನೂ ಹಾಕುವುದು ಇದಕ್ಕಾಗಿ, ಮಾಲೀಕರು ಮರೆಯುವುದೂ ಇದನ್ನೇ. ಮೊದಲಿನ ನಿಯೋಪ್ರೀನಿನ ಜಾಗಕ್ಕೆ ಹೈಡ್ರೋಜನೀಕೃತ ನೈಟ್ರೈಲ್ ರಬ್ಬರ್ ಬಂದ ಮೇಲೆ ಶಾಖ ತಾಳುವ ಶಕ್ತಿ ಹೆಚ್ಚಿತು, ಹಲವು ಎಂಜಿನ್ನುಗಳಲ್ಲಿ ಬದಲಾವಣೆಯ ಅಂತರ ಲಕ್ಷ ಕಿಲೋಮೀಟರ್ ದಾಟಿತು.

ಹುರಿಯ ದಣಿವು ಕಣ್ಣಿಗೆ ಬೀಳುವುದಿಲ್ಲ. ಕವರ್ ಸರಿಸಿ ಟಾರ್ಚ್ ಬಿಟ್ಟು ‘ಬೆಲ್ಟ್ ಚೆನ್ನಾಗಿದೆ’ ಎನ್ನುವ ಮೆಕ್ಯಾನಿಕ್ ನೋಡಿರುವುದು ರಬ್ಬರನ್ನು.

ಬೆಲ್ಟ್ ತಾನಾಗಿ ಸಾಯದೆ ನೆರೆಯವರ ಕೈಲಿ ಸಾಯುವ ಪ್ರಕರಣಗಳನ್ನು ಕಡೆಗಣಿಸುವಂತಿಲ್ಲ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರಿನ ಬೇರಿಂಗ್ ಸಿಕ್ಕಿಕೊಂಡರೆ ಹೊಸ ಬೆಲ್ಟೂ ಸುಟ್ಟು ಹರಿಯುತ್ತದೆ. ಅನೇಕ ಎಂಜಿನ್ನುಗಳಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟ್; ಪಂಪಿನಿಂದ ಒಸರಿದ ಕೂಲೆಂಟ್, ಸೀಲಿನಿಂದ ಜಿನುಗಿದ ಆಯಿಲ್ ಎರಡೂ ಅದಕ್ಕೆ ಮಾರಕ. ಬೆಲ್ಟಿನ ಜೊತೆ ಟೆನ್ಷನರ್, ಐಡ್ಲರ್, ವಾಟರ್ ಪಂಪುಗಳನ್ನೂ ಬದಲಿಸಿ ಎಂದು ಗ್ಯಾರೇಜಿನವರು ಹೇಳಿದರೆ ಬಿಲ್ಲು ಬೆಳೆಸುವ ಹುನ್ನಾರವೆಂದು ಗ್ರಾಹಕರು ಅನುಮಾನಿಸುವುದುಂಟು. ಈ ವಿಷಯದಲ್ಲಂತೂ ಗ್ಯಾರೇಜಿನವರ ಮಾತೇ ಸರಿ.

ಬೆಲ್ಟ್ ಹರಿಯದೆಯೇ ತಾಳ ತಪ್ಪುವುದೂ ಉಂಟು. ಕ್ಯಾಮ್ ಪುಲ್ಲಿಗೆ 36 ಹಲ್ಲುಗಳಿವೆ ಎಂದುಕೊಳ್ಳೋಣ. ಬೆಲ್ಟ್ ಸಡಿಲವಾಗಿ ಒಂದು ಹಲ್ಲು ಹಾರಿದರೆ ಕ್ಯಾಮ್ 10 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 20 ಡಿಗ್ರಿ ತಪ್ಪುತ್ತದೆ. ಎಂಜಿನ್ ಆಗಲೂ ಓಡಬಹುದು. ಐಡ್ಲಿಂಗಿನಲ್ಲಿ ನಡುಗುತ್ತದೆ, ಏರಿನಲ್ಲಿ ಉಸಿರು ಸಾಲುವುದಿಲ್ಲ. ಈಚಿನ ಕಾರುಗಳ ಕಂಪ್ಯೂಟರ್ ಎರಡು ಶಾಫ್ಟುಗಳ ಸೆನ್ಸರುಗಳನ್ನು ಹೋಲಿಸಿ ಪಿ0016 ಎಂಬ ಕೋಡ್ ಬರೆದಿಡುತ್ತದೆ. ಬ್ಯಾಟರಿ ಇಳಿದ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಬೇಡಿ ಎಂದು ಕೆಲವು ತಯಾರಕರು ಎಚ್ಚರಿಸುವುದರ ಹಿಂದೆಯೂ, ಆ ಜಗ್ಗಿನಲ್ಲಿ ಹಲ್ಲು ಹಾರೀತೆಂಬ ಭಯವಿದೆ. ಇನ್ನೂ ಕೆಲವು ಹಲ್ಲು ಹಾರಿದರೆ, ಅಥವಾ ಬೆಲ್ಟೇ ಕಟ್ಟಾದರೆ, ತೆರೆದು ನಿಂತ ವಾಲ್ವಿಗೆ ಪಿಸ್ಟನ್ ಬಡಿಯುತ್ತದೆ. ಕೆಲವು ಪೆಟ್ರೋಲ್ ಎಂಜಿನ್ನುಗಳಲ್ಲಿ ನಡುವೆ ಜಾಗವಿದ್ದು ವಾಲ್ವ್ ಬದುಕಿಕೊಳ್ಳುತ್ತದೆ. ಡೀಸೆಲ್‌ನಲ್ಲಿ ಆ ಆಸೆ ಬೇಡ: ಒತ್ತಡದಿಂದಲೇ ಇಂಧನ ಹೊತ್ತಿಸಬೇಕಾದ್ದರಿಂದ ಪಿಸ್ಟನ್ ಹೆಡ್ಡಿನ ತೀರ ಹತ್ತಿರಕ್ಕೆ ಏರುತ್ತದೆ. ಮುಂದಿನದು ಹೆಡ್ ಬಿಚ್ಚುವ ಕೆಲಸ.

ಕಿಲೋಮೀಟರಿನ ಅಂಕಿ ಎಷ್ಟು ದುರ್ಬಲವೆಂದು ತೋರಿಸಿಕೊಟ್ಟದ್ದು ಆಯಿಲಿನಲ್ಲೇ ಮುಳುಗಿ ಓಡುವ ‘ವೆಟ್ ಬೆಲ್ಟ್’. ಘರ್ಷಣೆ ಕಡಿಮೆ, ಸದ್ದು ಕಡಿಮೆ ಎಂಬ ಕಾರಣಕ್ಕೆ ಫೋರ್ಡ್ ತನ್ನ 1.0 ಲೀಟರ್ ಇಕೋಬೂಸ್ಟ್‌ನಲ್ಲಿ, ಪಿಎಸ್ಎ 1.2 ಲೀಟರ್ ಪ್ಯೂರ್‌ಟೆಕ್‌ನಲ್ಲಿ ಇದನ್ನು ಬಳಸಿದವು. ಪ್ಯೂರ್‌ಟೆಕ್ ಬೆಲ್ಟಿಗೆ ಮೊದಲು ಹೇಳಿದ್ದ ಬದಲಾವಣೆಯ ಅಂತರ ಲಕ್ಷ ಕಿಲೋಮೀಟರಿಗಿಂತ ಬಹಳ ಹೆಚ್ಚು. ತಣ್ಣನೆಯ ಎಂಜಿನ್ನಿನಲ್ಲಿ, ಚಿಕ್ಕ ಚಿಕ್ಕ ಓಡಾಟಗಳಲ್ಲಿ ಪೆಟ್ರೋಲ್ ಆಯಿಲಿಗೆ ಬೆರೆತು ಬೆಲ್ಟನ್ನು ಊದಿಸಿತು. ಉದುರಿದ ಚೂರುಗಳು ಆಯಿಲ್ ಪಂಪಿನ ಜಾಲರಿಯನ್ನು ಕಟ್ಟಿದವು. ಅಂತರ 1,00,000 ಕಿಲೋಮೀಟರಿಗೆ ಇಳಿಯಿತು. ಕಡಿಮೆ ಓಡಿದ ನಗರದ ಕಾರೇ ಹೆಚ್ಚು ಸೊರಗಿತೆಂಬುದು ಗಮನಾರ್ಹ. ಫೋರ್ಡ್ 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸುಮಾರು 1.4 ಲಕ್ಷ ಕಾರುಗಳನ್ನು ವಾಪಸು ಕರೆಸಿತು. ಅಲ್ಲಿ ಕೆಟ್ಟದ್ದು ಆಯಿಲ್ ಪಂಪನ್ನು ತಿರುಗಿಸುವ ಬೆಲ್ಟ್ ಮತ್ತು ಅದರ ಟೆನ್ಷನರ್. ಆ ಪಟ್ಟಿಯಲ್ಲಿದ್ದ ಇಕೋಸ್ಪೋರ್ಟ್‌ಗಳು ತಯಾರಾದದ್ದು ಚೆನ್ನೈ ಬಳಿ.

ಹಾಗಾದರೆ ಚೈನೇ ಮೇಲೆ? ಮಾರುತಿ 2008ರ ಎ-ಸ್ಟಾರ್‌ನ ಕೆ-ಸರಣಿ ಎಂಜಿನ್ನಿನಲ್ಲಿ ಚೈನಿಗೆ ಮರಳಿತು, 2016ರ ಇನ್ನೋವಾ ಕ್ರಿಸ್ಟಾ ಕೂಡ. ಫೋಕ್ಸ್‌ವ್ಯಾಗನ್ ನಡೆದದ್ದು ಎದುರು ದಿಕ್ಕಿನಲ್ಲಿ: ಇಎ111 ಟಿಎಸ್ಐ ಎಂಜಿನ್ನಿನ ಚೈನು ಹಿಗ್ಗಿ ಹಲ್ಲು ಹಾರಿದ ದೂರುಗಳ ಬೆನ್ನಿಗೆ ಬಂದ ಇಎ211 ಸರಣಿಗೆ ಅದು ಬೆಲ್ಟನ್ನೇ ಆರಿಸಿತು. ಇಂದು ಭಾರತದಲ್ಲಿ ಓಡುವ 1.0 ಟಿಎಸ್ಐ ಟೈಗುನ್, ಕುಶಾಕ್‌ಗಳಲ್ಲಿರುವುದು ಆ ಒಣ ಬೆಲ್ಟ್. ಚೈನು ಹಿಗ್ಗಿದರೆ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಗಡಗಡ ಸದ್ದಾದರೂ ಕೇಳಿಸೀತು. ಅದರ ಆಯಸ್ಸನ್ನೂ ಕೊನೆಗೆ ಆಯಿಲೇ ನಿರ್ಧರಿಸುತ್ತದೆ.